ಪಾತ್ರ ಬೇರೆ, ನಟ ಮಾತ್ರ ಅವನೇ: ಅದು ನಮಗೆ ಯಾಕೆ ಹಿಡಿಸುತ್ತದೆ?

ಯಕ್ಷಗಾನದ ಊರುಗಳಲ್ಲಿ ರಾತ್ರಿಗೆ ಕೀಚಕವಧೆ ಇದೆ ಎಂದರೆ ಮೊದಲು ಕೇಳುವ ಪ್ರಶ್ನೆ 'ಕೀಚಕ ಯಾರದ್ದು?' ಎಂದು. ಕತೆ ಎಲ್ಲರಿಗೂ ಬಾಯಿಪಾಠ. ಕೊನೆಗೆ ಭೀಮ ಏನು ಮಾಡುತ್ತಾನೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ಎಷ್ಟೋ ಸಲ ನೋಡಿದವರೇ ಮತ್ತೊಮ್ಮೆ ಹೊರಡುತ್ತಿದ್ದರು. ಆ ಹೆಜ್ಜೆ, ಆ ಕಣ್ಣು, ಶೃಂಗಾರದ ಆ ಹುಚ್ಚು ಹೇಗಿರುತ್ತದೆಂದು ಮೊದಲೇ ಗೊತ್ತಿತ್ತು, ಅದಕ್ಕೇ ಹೊರಡುತ್ತಿದ್ದರು.

ಸಿನಿಮಾ ನಟನ ವಿಷಯಕ್ಕೆ ಬಂದರೆ ಮಾತ್ರ 'ಎಲ್ಲಾ ಪಿಕ್ಚರಲ್ಲೂ ಒಂದೇ ಥರ ಮಾಡ್ತಾನಪ್ಪ' ಎಂದು ಮೂಗು ಮುರಿಯುತ್ತೇವೆ. ಹಾಗೆ ಮೂಗು ಮುರಿದವರೇ ಅವನ ಮುಂದಿನ ಚಿತ್ರದ ಮೊದಲ ಆಟಕ್ಕೆ ಟಿಕೆಟ್ ತೆಗೆಯುತ್ತಾರೆ. ಇದನ್ನು ಪ್ರೇಕ್ಷಕರ ದಡ್ಡತನ ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ನಟನಲ್ಲಿ ಕೆಲವೇ ಕೆಲವು ಗುಣಗಳು ಕದಲದೆ ನಿಂತಿದ್ದರೆ ಅವನ ಪಾತ್ರಕ್ಕೆ ಬಂದೊದಗುವ ಹೊಸ ಇಕ್ಕಟ್ಟು ಎದ್ದು ಕಾಣುತ್ತದೆ. ಕಚೇರಿಯಲ್ಲಿ ತಂಬೂರಿಯ ಶ್ರುತಿ ಅಲುಗದೆ ನಿಂತಿರುವುದರಿಂದಲೇ ಸ್ವರ ಎಲ್ಲಿ ಏರಿತು, ಎಲ್ಲಿ ಜಾರಿತು ಎಂದು ಕೇಳುಗರಿಗೆ ತಿಳಿಯುತ್ತದಲ್ಲ, ಹಾಗೆ. ಪರಿಚಯವೇ ಇಲ್ಲದ ಒಬ್ಬನಿಗೆ ತೆರೆಯ ಮೇಲೆ ಅವಮಾನವಾದರೆ ಸುಮ್ಮನೆ ನೋಡುತ್ತೇವೆ. ಇಪ್ಪತ್ತು ವರ್ಷದಿಂದ ನೋಡುತ್ತ ಬಂದವನಿಗೆ ಅದೇ ಅವಮಾನವಾದರೆ 'ಈಗ ಇವನು ಏನು ಮಾಡ್ತಾನೆ' ಎಂದು ಮೈಯೆಲ್ಲ ಕಣ್ಣಾಗುತ್ತೇವೆ.

'ಒಂದೇ ಥರ' ಅಂದರೆ ಯಾವುದು ಒಂದೇ?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಡಾ. ರಾಜ್‌ಕುಮಾರ್ ಅವರನ್ನೇ ತೆಗೆದುಕೊಳ್ಳಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಬೇಡ, 'ಭೂಕೈಲಾಸ'ದಲ್ಲಿ ರಾವಣ, 1968ರಲ್ಲಿ ಸಿಐಡಿ 999, ಆಮೇಲೆ ಕೃಷ್ಣದೇವರಾಯ, ರೈತ, ಉದ್ಯಮಿ, ಹಳ್ಳಿಯ ಒರಟ, ಹಿರಣ್ಯಕಶಿಪು. ಪಾತ್ರಗಳ ಹರವು ಕನ್ನಡದಲ್ಲಿ ಇನ್ನೊಬ್ಬರಿಗೆ ಸಿಕ್ಕಿರುವುದು ಅನುಮಾನ. ಆದರೂ ಥಿಯೇಟರಿನಿಂದ ಹೊರಬಂದವರು 'ಅಣ್ಣಾವ್ರು ಹೇಗೆ ಮಾಡಿದ್ದಾರೆ ನೋಡಿದ್ಯಾ' ಎಂದೇ ಹೇಳುತ್ತಿದ್ದರು, ಪಾತ್ರದ ಹೆಸರು ಹಿಡಿದಲ್ಲ. ಅಂದರೆ ಒಂದೇ ಆಗಿದ್ದದ್ದು ಪಾತ್ರವಲ್ಲ, ಬೇರೆ ಏನೋ.

ಆ 'ಏನೋ' ಬಿಡಿಸಿದರೆ ಐದಾರು ಎಳೆ ಸಿಗುತ್ತವೆ. ಮೊದಲನೆಯದು ಮಾತಿನ ಲಯ: ವಾಕ್ಯದಲ್ಲಿ ಒತ್ತು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲಿಸುತ್ತಾರೆ, ಸಿಟ್ಟು ಬಂದಾಗ ದನಿ ಏರುತ್ತದೋ ಇಳಿಯುತ್ತದೋ. ಎರಡನೆಯದು ನಡಿಗೆ ಮತ್ತು ನಿಲುವು. ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ, ಆದರೆ ನಮ್ಮ ಲೆಕ್ಕದಲ್ಲಿ ಅದೇ ಮುಖ್ಯ: ಎದುರಿನವರು ಮಾತಾಡುವಾಗ ಈತ ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದು. ಆಮೇಲೆ ತಾಳ್ಮೆಯ ಗಡಿ, ಅಂದರೆ ಎಷ್ಟು ಕೆಣಕಿದ ಮೇಲೆ ಕೈ ಎತ್ತುತ್ತಾನೆ. ಹಿರಿಯರ ಜೊತೆ, ಹೆಂಗಸರ ಜೊತೆ, ಕೈಕೆಳಗಿನವರ ಜೊತೆ ಮಾತಾಡುವ ರೀತಿ. ಕೊನೆಯದಾಗಿ, ಏನಾದರೂ ಸರಿ ಇವನು ಇದನ್ನು ಮಾತ್ರ ಮಾಡುವುದಿಲ್ಲ ಎಂಬ ಗೆರೆ. ರಾಜ್‌ಕುಮಾರ್ ತೆರೆಯ ಮೇಲೆ ಕುಡಿತ, ಸಿಗರೇಟುಗಳಿಂದ ದೂರ ಉಳಿದದ್ದು ಈ ಕೊನೆಯ ಎಳೆಗೆ ಸೇರಿದ್ದು. ಅಂಥ ಗೆರೆ ಒಮ್ಮೆ ಊರಿಗೆಲ್ಲ ತಿಳಿದುಬಿಟ್ಟರೆ ಚಿತ್ರಕತೆ ಬರೆಯುವವನು ಅದನ್ನು ಹೇಳುವ ಅಗತ್ಯವೇ ಇಲ್ಲ, ಪ್ರೇಕ್ಷಕನೇ ಮನೆಯಿಂದ ತಂದಿರುತ್ತಾನೆ.

ಈ ಎಳೆಗಳೆಲ್ಲ ಹುಟ್ಟಿನಿಂದ ಬಂದವೂ ಅಲ್ಲ, ಎಲ್ಲವೂ ನಟನ ಸ್ವಂತದ್ದೂ ಅಲ್ಲ. ಬಹಳ ವರ್ಷ ರಾಜ್‌ಕುಮಾರ್ ಅವರ ಹಾಡಿನ ದನಿ ಪಿ.ಬಿ. ಶ್ರೀನಿವಾಸ್ ಅವರದ್ದಾಗಿತ್ತು. ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಸೇರಿ ಒಬ್ಬ 'ಅಣ್ಣಾವ್ರು' ಆಗಿದ್ದರು, ಜನಕ್ಕೆ ಅದರಲ್ಲಿ ಬಿರುಕು ಕಾಣಲೇ ಇಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು, ಅಲ್ಲಿಂದ ಮುಂದೆ ಅವರ ಹಾಡುಗಳಿಗೆ ಹೆಚ್ಚಾಗಿ ಅವರದೇ ದನಿ. ಅಷ್ಟು ದೊಡ್ಡ ಎಳೆಯೊಂದು ಬದಲಾದರೂ ಪ್ರೇಕ್ಷಕರು ಒಪ್ಪಿದರು, ಏಕೆಂದರೆ ಉಳಿದ ಎಳೆಗಳು ಗಟ್ಟಿಯಾಗಿದ್ದವು. ಒಂದು ಸಲಕ್ಕೆ ಒಂದು ಎಳೆ ಬದಲಾಯಿಸಬಹುದು. ಮೂರು ನಾಲ್ಕನ್ನು ಒಟ್ಟಿಗೆ ಕಿತ್ತರೆ 'ಇದು ನಮ್ಮವನಲ್ಲ' ಎಂಬ ಭಾವ ಬರುತ್ತದೆ.

ಕಂಪನಿ ನಾಟಕದ ಬಳುವಳಿಯೂ ಇದರಲ್ಲಿದೆ. ರಾಜಾ ಪಾರ್ಟು, ಹಾಸ್ಯ ಪಾರ್ಟು, ಹೆಣ್ಣು ಪಾರ್ಟು ಎಂದು ನಟರನ್ನು ಮೊದಲೇ ವಿಂಗಡಿಸಿಡುವ ಪದ್ಧತಿ ಅಲ್ಲಿತ್ತು. ಒಂದೇ ವಾರದಲ್ಲಿ ನಾಲ್ಕು ನಾಟಕ ಆಡಬೇಕಾದ ಕಂಪನಿಗೆ ಇದು ಕೆಲಸದ ಅನುಕೂಲ. ನಾಟಕ ಬದಲಾದರೂ ಹಾಸ್ಯ ಪಾರ್ಟಿನವನ ಅಳತೆ ಬದಲಾಗುವುದಿಲ್ಲ. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಒಟ್ಟಿಗೆ 'ಬೇಡರ ಕಣ್ಣಪ್ಪ'ಕ್ಕೆ ಬಂದಾಗ ಆ ಅಭ್ಯಾಸವೂ ಅವರ ಜೊತೆಗೇ ಕನ್ನಡ ಚಿತ್ರರಂಗಕ್ಕೆ ಬಂತು.

ನಮ್ಮ ತಲೆಯೊಳಗೆ ಏನಾಗುತ್ತದೆ

ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಂಕ್ 1968ರಲ್ಲಿ ಒಂದು ಸರಳ ವಿಷಯವನ್ನು ತೋರಿಸಿಕೊಟ್ಟರು. ಅರ್ಥವೇ ಇಲ್ಲದ ಪದಗಳು, ಚೀನೀ ಲಿಪಿಯಂತೆ ಕಾಣುವ ಗುರುತುಗಳು, ಅಪರಿಚಿತರ ಮುಖಚಿತ್ರಗಳು ಇವನ್ನು ಜನರಿಗೆ ಕೆಲವನ್ನು ಒಂದೆರಡು ಸಲ, ಕೆಲವನ್ನು 25 ಸಲದವರೆಗೆ ತೋರಿಸಿದರು. ಹೆಚ್ಚು ಸಲ ಕಂಡದ್ದೇ ಜನಕ್ಕೆ ಹೆಚ್ಚು ಹಿತವೆನಿಸಿತು. ಕಾರಣ ಕೇಳಿದರೆ ಯಾರೂ 'ಹೆಚ್ಚು ಸಲ ನೋಡಿದೆ, ಅದಕ್ಕೆ' ಎನ್ನುವುದಿಲ್ಲ. ಪರಿಚಯ ತನ್ನಷ್ಟಕ್ಕೆ ಪ್ರೀತಿಯ ವೇಷ ಹಾಕಿಕೊಂಡು ಬರುತ್ತದೆ.

ಆದರೆ ಇದೊಂದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ತೀರಾ ಸರಳವಾದ ವಸ್ತುವನ್ನು ಮತ್ತೆ ಮತ್ತೆ ತೋರಿಸಿದರೆ ಬೇಸರ ಬೇಗ ಬರುತ್ತದೆ, ಒಳಗೆ ಸಂಕೀರ್ಣತೆ ಇರುವುದು ಹೆಚ್ಚು ದಿನ ಬಾಳುತ್ತದೆ. ಒಂದು ಮ್ಯಾನರಿಸಂ ಮಾತ್ರ ನಂಬಿ ಬಂದವನು ಐದಾರು ಚಿತ್ರದಲ್ಲಿ ಸವೆದುಹೋಗುತ್ತಾನೆ. ಕೇಳಿಸಿಕೊಳ್ಳುವ ರೀತಿಯಲ್ಲೇ ವಿಶೇಷ ಇರುವವನು ನಲವತ್ತು ವರ್ಷ ನಿಲ್ಲುತ್ತಾನೆ.

ಎರಡನೆಯ ಕಾರಣವನ್ನು 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಗುರುತಿಸಿದರು. ಟಿವಿ, ರೇಡಿಯೋಗಳಲ್ಲಿ ಪದೇ ಪದೇ ಕಾಣಿಸಿ ಕೇಳಿಸುವ ವ್ಯಕ್ತಿಯ ಜೊತೆ ನಮಗೆ ಒಂದು ಕಡೆಯ ನಂಟು ಬೆಳೆಯುತ್ತದೆ. ಅವರಿಗೆ ನಾವು ಗೊತ್ತಿಲ್ಲ, ನಮಗೆ ಅವರು ಗೊತ್ತು. ಆ ನಂಟು ಉಳಿಯಬೇಕಾದರೆ ಅವರು ಪ್ರತಿ ಸಲವೂ 'ಅವರೇ' ಆಗಿ ಬರಬೇಕು. ನಮ್ಮಲ್ಲಿ ನಟರನ್ನು ಅಣ್ಣ, ಬಾಸ್ ಎಂದೆಲ್ಲ ಕರೆದು, ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ ಮಾಡುವ ಪದ್ಧತಿ ಇರುವಾಗ ಈ ಮಾತಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಮೂರನೆಯದು ಇನ್ನೂ ಮೋಜಿನದು. 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ವಿದ್ಯಾರ್ಥಿಗಳಿಗೆ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಮತ್ತು ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಓದಲು ಕೊಟ್ಟರು. 'ಯಾವ ಪಕ್ಷ ವಹಿಸಬೇಕೆಂದು ಬರೆದವನಿಗೆ ಮೊದಲೇ ಹೇಳಲಾಗಿತ್ತು, ಆಯ್ಕೆ ಅವನದಲ್ಲ' ಎಂದು ತಿಳಿಸಿದ ಮೇಲೂ, ಓದಿದವರು ಬರೆದವನ ನಿಜವಾದ ಅಭಿಪ್ರಾಯ ಅದೇ ಇರಬೇಕೆಂದು ಅಂದಾಜು ಮಾಡಿದರು. ನಟನ ಮಾತು ಬೇರೆಯವರು ಬರೆದದ್ದು ಎಂದು ನಮಗೆಲ್ಲ ಗೊತ್ತು. ಆದರೂ ಮನಸ್ಸು ಮಾತನ್ನು ಆಡಿದವನ ಖಾತೆಗೇ ಜಮಾ ಮಾಡುತ್ತದೆ. ಖಳನ ಪಾತ್ರ ಮಾಡುವವರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆಂಬ ಹಳೆಯ ತಮಾಷೆ ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು.

ಗಾಂಧಿನಗರದ ಲೆಕ್ಕ

ದುಡ್ಡಿನ ಮಾತನ್ನು ಚುರುಕಾಗಿ ಮುಗಿಸೋಣ. ತರಕಾರಿಯನ್ನು ಮುಟ್ಟಿ ನೋಡಿ ಕೊಳ್ಳಬಹುದು, ಸಿನಿಮಾವನ್ನು ಹಾಗೆ ಕೊಳ್ಳಲಾಗದು. ಟಿಕೆಟ್ ಮೊದಲು, ರುಚಿ ಆಮೇಲೆ. ವಿತರಕನ ಕಷ್ಟವೂ ಇದೇ. ಬಿಕೆಟಿ ಎಂದರೆ ಬೆಂಗಳೂರು, ಕೋಲಾರ, ತುಮಕೂರು. ಹೀಗೆ ರಾಜ್ಯವನ್ನು ಏರಿಯಾಗಳಾಗಿ ಹಂಚಿ ಮಾರುವ ವ್ಯವಸ್ಥೆಯಲ್ಲಿ, ಚಿತ್ರ ಮುಗಿಯುವ ಮೊದಲೇ ಮಿನಿಮಮ್ ಗ್ಯಾರಂಟಿ, ಅಂದರೆ ಚಿತ್ರ ಓಡಲಿ ಬಿಡಲಿ ನಿರ್ಮಾಪಕನಿಗೆ ಸಲ್ಲುವ ಕನಿಷ್ಠ ಮೊತ್ತ, ಕಟ್ಟುವವನು ಕೈಯಲ್ಲಿ ಹಿಡಿಯಬಹುದಾದ ಏನನ್ನಾದರೂ ಕೇಳುತ್ತಾನೆ. ಕತೆಯನ್ನು ಹಿಡಿಯಲಾಗದು, ನಟನನ್ನು ಹಿಡಿಯಬಹುದು. 'ಇವನು ಹೀಗೇ ಇರುತ್ತಾನೆ' ಎಂಬುದೇ ಅಲ್ಲಿ ಜಾಮೀನು.

ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು ತಮಿಳಿನ ಮಹಾತಾರೆಯಾದ ರಜನಿಕಾಂತ್ ಅವರ ಚಿತ್ರಗಳಲ್ಲಿ, 1992ರ 'ಅಣ್ಣಾಮಲೈ'ಯಿಂದ ಶುರುವಾಗಿ, ಕತೆಗೂ ಮೊದಲೇ 'ಸೂಪರ್ ಸ್ಟಾರ್' ಅಕ್ಷರಗಳು ಒಂದೊಂದಾಗಿ ತೆರೆಗೆ ಬರುತ್ತವೆ. ಅದು ಆ ಜಾಮೀನು ಪತ್ರದ ಮೇಲಿನ ಮೊಹರು ಎಂದುಕೊಳ್ಳಿ.

ದೃಶ್ಯ ಕಟ್ಟುವವರು ಇದನ್ನು ಹೇಗೆ ಬಳಸುತ್ತಾರೆ

ನಾಯಕನ ಎಂಟ್ರಿ ನೋಡಿ. ಮೊದಲು ಯಾರೋ ಇಬ್ಬರು ಅವನ ಬಗ್ಗೆ ಮಾತಾಡುತ್ತಾರೆ. ಆಮೇಲೆ ಕಾಲು, ಕೈ ಅಥವಾ ಬೆನ್ನು. ಕ್ಯಾಮೆರಾ ಸೊಂಟದ ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ಸೆಕೆಂಡಿಗೆ 48 ಫ್ರೇಮ್ ತೆಗೆದು 24ರಲ್ಲಿ ತೋರಿಸಿದರೆ ಒಂದು ಸೆಕೆಂಡಿನ ನಡಿಗೆ ಎರಡು ಸೆಕೆಂಡಿಗೆ ಹಿಗ್ಗುತ್ತದೆ. ಮುಖ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಕೆಲಸ ಮಾಡುವುದು ಪ್ರೇಕ್ಷಕ ಬೆನ್ನು ನೋಡಿಯೇ ಆಳನ್ನು ಗುರುತಿಸಬಲ್ಲ ಎಂಬ ನಂಬಿಕೆಯ ಮೇಲೆ. ಹೊಸ ನಟನಿಗೆ ಇದನ್ನೇ ಮಾಡಿದರೆ ಜನ 'ಯಾರಪ್ಪ ಇವನು, ಇಷ್ಟು ಬಿಲ್ಡಪ್ಪು' ಎಂದು ನಗುತ್ತಾರೆ. ಹೊಸಬರ ಎಷ್ಟೋ ಚಿತ್ರಗಳು ಮೊದಲ ಹತ್ತು ನಿಮಿಷದಲ್ಲೇ ಕೈತಪ್ಪುವುದು ಹೀಗೆ: ಇನ್ನೂ ಗಳಿಸದ ಪರಿಚಯವನ್ನು ಖರ್ಚು ಮಾಡಲು ಹೋಗಿ.

ಪೋಷಕ ನಟರಲ್ಲಿ ಇದು ಕಾಲ ಉಳಿಸುವ ಉಪಾಯ. ಕೆ.ಎಸ್. ಅಶ್ವತ್ಥ್ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಮನೆಯಲ್ಲಿ ಒಬ್ಬ ನ್ಯಾಯವಂತ ಹಿರಿಯನಿದ್ದಾನೆ ಎಂದು ಮೂರು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ವಜ್ರಮುನಿ ಮೀಸೆ ತಿರುವಿದರೆ ಊರಿನ ಅರ್ಧ ಜಮೀನು ಯಾರ ಹೆಸರಲ್ಲಿದೆ ಎಂದು ಹೇಳಬೇಕಾಗಿಲ್ಲ. ಎರಡೂವರೆ ಗಂಟೆಯ ಚಿತ್ರದಲ್ಲಿ ಪ್ರತಿ ಪಾತ್ರವನ್ನೂ ಪರಿಚಯಿಸಲು ಎರಡೆರಡು ನಿಮಿಷ ಎಂದರೆ ಕತೆಗೆ ಜಾಗವೇ ಉಳಿಯದು. ಹೀಗೆ ಉಳಿಸಿದ ನಿಮಿಷಗಳನ್ನು ಒಳ್ಳೆಯ ನಿರ್ದೇಶಕ ಬೇರೆ ಕಡೆ ಹೂಡುತ್ತಾನೆ. 1972ರ 'ನಾಗರಹಾವು' ಚಿತ್ರದಲ್ಲಿ ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ಪುಟ್ಟಣ್ಣ ಕಣಗಾಲ್ ಬಳಸಿದ ರೀತಿ ನೋಡಿ. ಪ್ರೇಕ್ಷಕ ಕಣ್ಣುಮುಚ್ಚಿ ನಂಬುವ ಹಿರಿಯನನ್ನೇ ತಂದು, ಶಿಷ್ಯನ ಬದುಕನ್ನು ಅವನ ಒಳ್ಳೆಯ ಮಾತಿನಿಂದಲೇ ಕಟ್ಟಿಹಾಕಿಸುತ್ತಾರೆ. ಮೋಸಗಾರನಂತೆ ಕಾಣುವ ನಟನೊಬ್ಬ ಅಲ್ಲಿದ್ದಿದ್ದರೆ ಆ ಪೆಟ್ಟು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ದಾರಿ ತಪ್ಪುವುದು ಎಲ್ಲಿ

ಗುಣ ಸ್ಥಿರವಾಗಿರಬೇಕು, ಘಟನೆಯಲ್ಲ. ಇಷ್ಟೇ ಸೂತ್ರ, ಆದರೆ ಪಾಲಿಸುವವರು ಕಡಿಮೆ.

ರಾಜ್‌ಕುಮಾರ್ ಅವರ ಮೂರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಮೂರರಲ್ಲೂ ಸ್ವಾಭಿಮಾನ ಮತ್ತು ಕೊಡುವ ಗುಣ ಒಂದೇ. 'ಕಸ್ತೂರಿ ನಿವಾಸ'ದಲ್ಲಿ (1971) ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ಕೊಡುತ್ತ ಕೊಡುತ್ತ ಬರಿಗೈಯಾಗುತ್ತಾನೆ, ಕತೆ ಅವನನ್ನು ಕೊಡಲು ಏನೂ ಉಳಿಯದ ಸ್ಥಿತಿಗೆ ತಂದು ನಿಲ್ಲಿಸುತ್ತದೆ. 'ಬಂಗಾರದ ಮನುಷ್ಯ'ದಲ್ಲಿ (1972) ಎಲ್ಲರಿಗಾಗಿ ದುಡಿದವನ ಮೇಲೆಯೇ ಸಂಶಯ ಬಂದಾಗ, ಎದುರಾಡದೆ ಮನೆ ಬಿಟ್ಟು ಹೊರಡುತ್ತಾನೆ. 'ಸಂಪತ್ತಿಗೆ ಸವಾಲ್'ನ ಭದ್ರ ಹೊರಡುವವನಲ್ಲ, ಸಾಹುಕಾರನ ದರ್ಪಕ್ಕೆ ಎದೆಯೊಡ್ಡಿ ನಿಲ್ಲುವವನು. ಮನುಷ್ಯ ಒಬ್ಬನೇ, ಗುಣವೂ ಅದೇ, ಆದರೆ ಒಂದರಲ್ಲಿ ನಾಶ, ಒಂದರಲ್ಲಿ ನಿರ್ಗಮನ, ಒಂದರಲ್ಲಿ ಜಗಳ. ನೋಡಿದವರಿಗೆ ಮೂರೂ ಹೊಸದೆನಿಸಿತು, ಮೂರರಲ್ಲೂ ಅವರೇ ಕಂಡರು.

ಅನಂತ್ ನಾಗ್ ಅವರದ್ದು ಇನ್ನೂ ಸೂಕ್ಷ್ಮ. ಆತುರವಿಲ್ಲದ, ತುಸು ತಮಾಷೆ ಬೆರೆತ ಅದೇ ದನಿ 'ಗಣೇಶನ ಮದುವೆ'ಯಲ್ಲಿ (1990) ಪಕ್ಕದ ಮನೆಯ ಜಗಳಗಂಟ ಪ್ರೇಮಿಗೆ ಒದಗಿತ್ತು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಮರೆವಿನ ಕಾಯಿಲೆಗೆ ಸಿಕ್ಕಿದ ತಂದೆಯ ಬಾಯಲ್ಲಿ ಆ ದನಿಯೇ ಕೇಳಿಸುತ್ತದೆ. ನಟ ಏನನ್ನೂ ಹೆಚ್ಚಿಗೆ 'ಮಾಡಿ' ತೋರಿಸುವುದಿಲ್ಲ. ನಮಗೆ ಅಷ್ಟು ವರ್ಷ ಗೊತ್ತಿದ್ದ ದನಿಯೇ ನಮ್ಮನ್ನು ಗುರುತಿಸದೆ ಮಾತಾಡಿದಂತಾಗುತ್ತದೆ, ಸಂಕಟ ಅಲ್ಲಿಂದ ಬರುತ್ತದೆ. ವೇಷ, ದನಿ ಎಲ್ಲ ಬದಲಿಸುವ 'ವರ್ಸಟೈಲ್' ನಟನೊಬ್ಬ ಎಷ್ಟೇ ಚೆನ್ನಾಗಿ ಮಾಡಿದರೂ ಈ ಒಂದು ಪರಿಣಾಮವನ್ನು ತರಲಾರ. ಅವನ ಬತ್ತಳಿಕೆಯಲ್ಲಿ ಆ ಹಳೆಯ ಪರಿಚಯವೇ ಇರುವುದಿಲ್ಲ.

ತಪ್ಪುವುದು ಯಾವಾಗ ಎಂದರೆ, ಗೆದ್ದ ಚಿತ್ರದ ಘಟನೆಗಳನ್ನೇ ಗುಣವೆಂದು ಭ್ರಮಿಸಿದಾಗ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ಗೆದ್ದದ್ದು ಮಳೆಯಿಂದಲೂ ಅಲ್ಲ, ಮೊಲದಿಂದಲೂ ಅಲ್ಲ. ಟಿವಿಯ 'ಕಾಮಿಡಿ ಟೈಮ್' ಮೂಲಕ ಮನೆಮನೆಗೆ ಪರಿಚಿತನಾಗಿದ್ದ ಮಾತುಗಾರ ಹುಡುಗ ಗಣೇಶ್, ಕೊನೆಗೆ ಆಡಲೇಬೇಕಾದ ಒಂದು ಮಾತನ್ನು ನುಂಗಿಕೊಳ್ಳಬೇಕಾಗಿ ಬಂದದ್ದರಿಂದ. ಮಾತು ಅವನ ಸ್ಥಿರ ಗುಣ, ಮೌನ ಅವನಿಗೆ ಬಂದ ಇಕ್ಕಟ್ಟು. ಆಮೇಲೆ ಕೆಲವು ವರ್ಷ ಕನ್ನಡದಲ್ಲಿ ಮಳೆ ಸುರಿದದ್ದೇ ಸುರಿದದ್ದು. ಮಳೆ ಇತ್ತು, ಜಲಪಾತ ಇತ್ತು, ವಟವಟ ಎನ್ನುವ ನಾಯಕನೂ ಇದ್ದ, ಅವನು ನುಂಗಿಕೊಳ್ಳಬೇಕಾದ ಮಾತೊಂದು ಬಿಟ್ಟು.

ಹಾಗೆಯೇ ಅಂಬರೀಶ್. 'ನಾಗರಹಾವು' ಚಿತ್ರದ ಜಲೀಲನ ಪುಟ್ಟ ಪಾತ್ರದಿಂದ ಬಂದ ಒರಟುತನ 1981ರ 'ಅಂತ'ದಲ್ಲಿ ಕನ್ವರ್‌ಲಾಲ್ ಆಗಿ ಸ್ಫೋಟಿಸಿತು. ಅಲ್ಲಿ ಅದು ಬರೀ ಒರಟುತನವಲ್ಲ: ಪ್ರಾಮಾಣಿಕ ಪೊಲೀಸ್ ಅಧಿಕಾರಿಯೊಬ್ಬ ಪಾತಕಿಯ ಒರಟುತನವನ್ನು ಮೈಮೇಲೆ ಎಳೆದುಕೊಂಡು, ಅದಕ್ಕೆ ಬೆಲೆ ತೆರುತ್ತಾನೆ. ಬೆಲೆ ತೆರುವ ಭಾಗವನ್ನು ಬಿಟ್ಟು ಆರ್ಭಟವನ್ನಷ್ಟೇ ಎತ್ತಿಕೊಂಡ ಚಿತ್ರಗಳಲ್ಲಿ ಅದೇ ನಟ ಅರ್ಧವಾಗಿ ಕಂಡರು. 2018ರ 'ಅಂಬಿ ನಿಂಗ್ ವಯಸ್ಸಾಯ್ತೋ' ಆ ಒರಟುತನಕ್ಕೆ ವಯಸ್ಸಾಗಲು ಬಿಟ್ಟಿತು, ಹೆಸರಿನಲ್ಲೇ ಒಪ್ಪಿಕೊಂಡಿತು. ವಯಸ್ಸನ್ನು ವಿಗ್ಗಿನಡಿ ಮುಚ್ಚುವುದಕ್ಕಿಂತ ಅದು ಎಷ್ಟೋ ಜಾಣ ದಾರಿ. ರವಿಚಂದ್ರನ್ 2014ರ 'ದೃಶ್ಯ'ದಲ್ಲಿ ಗುಲಾಬಿ, ಪ್ರೇಮ ಎಲ್ಲವನ್ನೂ ಪಕ್ಕಕ್ಕಿಟ್ಟು ಹೆಣ್ಣುಮಕ್ಕಳ ತಂದೆಯಾಗಿ ಬಂದಾಗಲೂ ಒಂದು ಎಳೆ ಉಳಿದಿತ್ತು: ಆ ತಂದೆಗೂ ಸಿನಿಮಾ ಹುಚ್ಚು.

ಬೇರೆಯವರು ಹೊರಿಸಿದ 'ಒಂದೇ ಥರ'

ಇಲ್ಲಿಯವರೆಗೆ ಹೇಳಿದ್ದೆಲ್ಲ ನಾಯಕರಿಗೆ ಸಿಗುವ ಸವಲತ್ತು. ಹೆಂಗಸರಿಗೆ ಚಿತ್ರರಂಗ ಹೊರಿಸಿದ್ದು ಬೇರೆಯೇ. 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಎದುರು ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ತೆರೆಯ ಮೇಲಿನ ತಾಯಿಯೆಂದೇ ಹೆಸರಾದರು. ನಾಯಕನ ಸ್ಥಿರತೆ ನಲವತ್ತು ವರ್ಷ ನಾಯಕನಾಗಿಯೇ ಇರುವುದು, ನಾಯಕಿಯ ಸ್ಥಿರತೆ ತಾಯಿಯ ಸೀರೆಯಲ್ಲಿ. ಉಮಾಶ್ರೀ ರಂಗಭೂಮಿಯಲ್ಲಿ 'ಒಡಲಾಳ'ದ ಸಾಕವ್ವನಾಗಿ ದೊಡ್ಡ ಹೆಸರು ಮಾಡಿದ್ದರೂ ಸಿನಿಮಾ ಅವರಿಗೆ ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಹಾಸ್ಯ ಪಾತ್ರಗಳನ್ನು. 2008ರ 'ಗುಲಾಬಿ ಟಾಕೀಸ್' ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಅದರಲ್ಲಿ ಕಂಡದ್ದು ಹೊಸ ಉಮಾಶ್ರೀ ಅಲ್ಲ. ಅಳತೆ ಮೀರದ ಹಾಸ್ಯ, ಮೈಯ ಸರಾಗ, ಎಲ್ಲ ಮೊದಲಿನದೇ, ಅವಕ್ಕೆ ಸಿಕ್ಕ ಕತೆ ಮಾತ್ರ ಬೇರೆ. ಹೀಗಾಗಿ 'ಒಂದೇ ಥರ' ಎಂಬ ದೂರನ್ನು ನಟರ ಮೇಲೆ ಹಾಕುವ ಮೊದಲು, ಆ 'ಥರ'ವನ್ನು ಆರಿಸಿಕೊಂಡವರು ಯಾರು ಎಂದು ಕೇಳಬೇಕು.

ಕೌಶಲವೋ ಸೋಮಾರಿತನವೋ?

ಇದನ್ನು ತಿಳಿಯಲು ವಿಮರ್ಶಕರಾಗಬೇಕಿಲ್ಲ, ಮನೆಯಲ್ಲೇ ಪರೀಕ್ಷಿಸಬಹುದು. ಒಬ್ಬ ನಟನ ಎರಡು ಚಿತ್ರಗಳಿಂದ ಒಂದೇ ಬಗೆಯ ದೃಶ್ಯ ಆರಿಸಿ, ಉದಾಹರಣೆಗೆ ಯಾರೋ ಸತ್ತ ಸುದ್ದಿ ಕೇಳುವುದು. ಮೊದಲು ಶಬ್ದ ತೆಗೆದು ನೋಡಿ. ಮುಖ, ಕೈ, ಉಸಿರು ಎರಡರಲ್ಲೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುತ್ತಿದ್ದರೆ ಅದು ರೂಢಿ. ಮೈ ಅದೇ ಆಗಿದ್ದು ಹೊತ್ತು ಬೇರೆಯಾಗಿದ್ದರೆ, ಒಂದರಲ್ಲಿ ತಡವಾಗಿ, ಒಂದರಲ್ಲಿ ತಕ್ಷಣ, ಅದು ನಟನೆ. ಆಮೇಲೆ ಚಿತ್ರ ಬಿಟ್ಟು ಶಬ್ದ ಮಾತ್ರ ಕೇಳಿ. ಅಧಿಕಾರಿಯ ಜೊತೆಗಿನ ದನಿಗೂ ತಂಗಿಯ ಜೊತೆಗಿನ ದನಿಗೂ ವ್ಯತ್ಯಾಸ ಕೇಳದಿದ್ದರೆ ಅವನು ಸಂಬಂಧಗಳನ್ನು ಅಭಿನಯಿಸುತ್ತಿಲ್ಲ, ಸಂಭಾಷಣೆ ಒಪ್ಪಿಸುತ್ತಿದ್ದಾನೆ.

ಕೊನೆಗೆ ಅವನಿಗೆ ಮಾತಿಲ್ಲದ ಶಾಟುಗಳನ್ನು ಹುಡುಕಿ, ಎದುರಿನವರು ಮಾತಾಡುವಾಗ ಸಂಕಲನಕಾರ ಇವನ ಮುಖಕ್ಕೆ ಬಂದ ಕಡೆ. ತನ್ನ ಸರದಿಗಾಗಿ ಕಾಯುತ್ತಿರುವ ಮುಖಕ್ಕೂ ನಿಜವಾಗಿ ಕೇಳಿಸಿಕೊಳ್ಳುತ್ತಿರುವ ಮುಖಕ್ಕೂ ಇರುವ ಅಂತರ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಕಾಯುವವನ ಕಣ್ಣು ಎದುರಿನವರ ಮಾತು ಮುಗಿಯುವ ಕ್ಷಣಕ್ಕೆ ಸರಿಯಾಗಿ ಬದಲಾಗುತ್ತದೆ. ಕೇಳಿಸಿಕೊಳ್ಳುವವನದ್ದು ಮಾತಿನ ನಡುವೆಯೇ, ಚುಚ್ಚಿದ ಆ ಒಂದು ಪದದ ಹತ್ತಿರ ಬದಲಾಗುತ್ತದೆ.